ಚದುರುವುದೇ ನಿಯಮ: ತೆರೆದ ನಕ್ಷತ್ರಗುಚ್ಛಗಳ ಹುಟ್ಟು, ಮುಪ್ಪು, ವಿಸರ್ಜನೆ

ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ಐದು ಒಂದೇ ಬಸಿರಿನವು. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಎಂಬ ಈ ಐದೂ, ವಸಿಷ್ಠನ ಪಕ್ಕದ ಮಸುಕು ಅರುಂಧತಿಯೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತಿವೆ. ಎರಡು ತುದಿಗಳಲ್ಲಿರುವ ಕ್ರತು ಮತ್ತು ಮರೀಚಿ ಮಾತ್ರ ಹೊರಗಿನವು. ನಮ್ಮ ಕಣ್ಣಿಗೆ ಸಾಲಾಗಿ ಕಂಡದ್ದರಿಂದ ಋಷಿಗಳ ಪಟ್ಟಿಗೆ ಸೇರಿದವು. ಐದರ ಈ ಒಗ್ಗಟ್ಟನ್ನು 1869ರಲ್ಲಿ ಗುರುತಿಸಿದವನು ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್. ಅವುಗಳ ವಯಸ್ಸು ಈಗಿನ ಅಂದಾಜಿನಂತೆ 40ರಿಂದ 50 ಕೋಟಿ ವರ್ಷ. ಮದುವೆಯ ದಿನ ಪುರೋಹಿತರು ನಡುಹಗಲಲ್ಲೇ ಆಕಾಶದತ್ತ ಬೆರಳು ಮಾಡಿ ತೋರಿಸುವ ಅರುಂಧತಿ–ವಸಿಷ್ಠರ ಜೋಡಿ, ಬಹುಪಾಲು ಚದುರಿಹೋದ ಒಂದು ನಕ್ಷತ್ರ ಕುಟುಂಬದ ಉಳಿಕೆ.

ಇನ್ನೂ ಚದುರದ ಕುಟುಂಬ ನೋಡಬೇಕೆಂದರೆ ಕೃತ್ತಿಕೆಯ ಕಡೆ ತಿರುಗಬೇಕು. ಮಹಾಭಾರತದ ವನಪರ್ವದ ಕಥೆಯಲ್ಲಿ ಋಷಿಗಳು ಕೈಬಿಟ್ಟ ಆರು ಮಂದಿ ಪತ್ನಿಯರೇ ಕೃತ್ತಿಕೆಯರು. ಅರುಂಧತಿಯೊಬ್ಬಳು ಗಂಡನ ಬಳಿ ಉಳಿದಳು. ಆಕಾಶದ ಲೆಕ್ಕದಲ್ಲಿ ಪರಿಸ್ಥಿತಿ ತಿರುಗುಮುರುಗು. ಮನೆಬಿಟ್ಟ ಕೃತ್ತಿಕೆಯರು ಒಟ್ಟಾಗಿಯೇ ಇದ್ದಾರೆ, ಋಷಿಗಳ ಬಳಗವೇ ಒಡೆದಿದೆ. ಸುಮಾರು 440 ಜ್ಯೋತಿರ್ವರ್ಷ ದೂರದ ಕೃತ್ತಿಕೆಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ವಯಸ್ಸು 10ರಿಂದ 13 ಕೋಟಿ ವರ್ಷಗಳ ಆಸುಪಾಸು. ಸೂರ್ಯನ 460 ಕೋಟಿ ವರ್ಷದ ಎದುರು ಅದು ಎಳೆಗೂಸು. ಇಂಥ ಗುಂಪುಗಳಿಗೆ ಖಗೋಳಜ್ಞರು ತೆರೆದ ನಕ್ಷತ್ರಗುಚ್ಛ ಎನ್ನುತ್ತಾರೆ: ಒಂದೇ ಅನಿಲಮೋಡದಲ್ಲಿ ಹುಟ್ಟಿ, ತಮ್ಮದೇ ಗುರುತ್ವದಿಂದ ಒಂದನ್ನೊಂದು ಹಿಡಿದಿಟ್ಟುಕೊಂಡ, ಕೆಲವು ನೂರರಿಂದ ಕೆಲವು ಸಾವಿರದವರೆಗಿನ ನಕ್ಷತ್ರಗಳ ಕೂಟ. ಆಕಾಶಗಂಗೆಯ ಸುತ್ತ ಹರಡಿಕೊಂಡಿರುವ ಗೋಳಗುಚ್ಛಗಳ ಜಾತಿಯೇ ಬೇರೆ. ಅಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳು ಒತ್ತಾಗಿ ಕೂತು ಸಾವಿರ ಕೋಟಿ ವರ್ಷಕ್ಕೂ ಮೇಲೆ ಬಾಳುತ್ತವೆ. ತೆರೆದ ಗುಚ್ಛಗಳಿಗೆ ಆ ಭಾಗ್ಯವಿಲ್ಲ.

ಈ ಗುಂಪುಗಳು ಕಣ್ಣಿನ ಭ್ರಮೆಯಲ್ಲ ಎಂದು ಮೊದಲು ಲೆಕ್ಕ ಹಾಕಿ ಹೇಳಿದವನು ಇಂಗ್ಲೆಂಡಿನ ಪಾದ್ರಿ ಜಾನ್ ಮಿಚೆಲ್. ಕೃತ್ತಿಕೆಯಲ್ಲಿರುವಷ್ಟು ಪ್ರಕಾಶದ ನಕ್ಷತ್ರಗಳು ಆಕಸ್ಮಿಕವಾಗಿ ಅಷ್ಟು ಹತ್ತಿರ ಬೀಳುವ ಸಂಭವ ಸುಮಾರು ಐದು ಲಕ್ಷದಲ್ಲಿ ಒಂದು ಎಂದು 1767ರಲ್ಲಿ ಆತ ತೋರಿಸಿದ. ನಿಜವಾದ ಗುಂಪು ಎಂದಾದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿ ಏಳಬೇಕಿತ್ತು: ಎಷ್ಟು ಕಾಲ ಒಟ್ಟಿಗಿರುತ್ತವೆ? ಆದರೆ ಅದು ಏಳಲು ಒಂದೂವರೆ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ನಕ್ಷತ್ರದ ವಯಸ್ಸನ್ನು ಓದುವ ವಿದ್ಯೆ ಇಪ್ಪತ್ತನೆಯ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗುಚ್ಛಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ ಎಳೆಯವು ಧಾರಾಳ, ನೂರು ಕೋಟಿ ದಾಟಿದವು ಬೆರಳೆಣಿಕೆ. ಒಂದೇ ಗತಿಯಲ್ಲಿ ಹುಟ್ಟುತ್ತಾ ಬಂದಿದ್ದರೆ ಮುದಿ ಗುಚ್ಛಗಳೇ ಹೆಚ್ಚಿರಬೇಕಿತ್ತು. ಈ ಕೊರತೆಯನ್ನು 1958ರಲ್ಲಿ ಡಚ್ ಖಗೋಳಜ್ಞ ಯಾನ್ ಊರ್ಟ್ ಒತ್ತಿ ಹೇಳಿದರು. 1971ರಲ್ಲಿ ಜರ್ಮನಿಯ ರೋಲಾಂಡ್ ವೀಲೆನ್ ಅದನ್ನು ಅಂಕಿಗೆ ಇಳಿಸಿದರು: ಸೂರ್ಯನ ನೆರೆಯ ಗುಚ್ಛಗಳಲ್ಲಿ ಅರ್ಧದಷ್ಟು 20 ಕೋಟಿ ವರ್ಷದೊಳಗೆ ಕರಗುತ್ತವೆ, 50 ಕೋಟಿ ದಾಟುವುದು ಹತ್ತಕ್ಕೆ ಒಂದು, 100 ಕೋಟಿ ಮುಟ್ಟುವುದು ನೂರಕ್ಕೆ ಎರಡು. ಸೂರ್ಯ ಆಕಾಶಗಂಗೆಯನ್ನು ಒಂದು ಸುತ್ತು ಹಾಕಲು 22–23 ಕೋಟಿ ವರ್ಷ ಹಿಡಿಯುತ್ತದೆ. ಅಂದರೆ ಒಂದು ಪ್ರದಕ್ಷಿಣೆ ಮುಗಿಯುವುದರೊಳಗೆ ಹುಟ್ಟಿದ ಗುಚ್ಛಗಳಲ್ಲಿ ಅರ್ಧ ಇಲ್ಲವಾಗಿರುತ್ತವೆ.

ಯಾಕೆ? ಮೊದಲ ಉತ್ತರ ಗುಚ್ಛದ ಒಳಗೇ ಇದೆ. ನಕ್ಷತ್ರಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ತೀರಾ ಅಪರೂಪ. ಆದರೆ ಹತ್ತಿರ ಹಾಯ್ದಾಗಲೆಲ್ಲ ಗುರುತ್ವದಿಂದ ದಾರಿ ಕೊಂಚ ಬಾಗುತ್ತದೆ, ಒಂದರ ವೇಗ ಇನ್ನೊಂದಕ್ಕೆ ಅಷ್ಟಿಷ್ಟು ವರ್ಗಾವಣೆಯಾಗುತ್ತದೆ. ಈ ಕೊಡುಕೊಳ್ಳುವಿಕೆ ಸಾವಿರಾರು ಬಾರಿ ನಡೆದಾಗ ಯಾವುದೋ ಒಂದು ನಕ್ಷತ್ರಕ್ಕೆ ಗುಚ್ಛದ ಹಿಡಿತ ಮೀರುವಷ್ಟು ವೇಗ ಬಂದುಬಿಡುತ್ತದೆ, ಅದು ಹೊರಟುಹೋಗುತ್ತದೆ. 1938ರಲ್ಲಿ ಸೋವಿಯತ್ ಒಕ್ಕೂಟದ ವಿಕ್ತರ್ ಅಂಬಾರ್ತ್ಸುಮ್ಯಾನ್, 1940ರಲ್ಲಿ ಅಮೆರಿಕದ ಲೈಮನ್ ಸ್ಪಿಟ್ಜರ್ ಇದನ್ನು ಗಣಿತಕ್ಕೆ ಇಳಿಸಿದರು. ವೇಗಗಳು ಒಮ್ಮೆ ಚೆನ್ನಾಗಿ ಕಲಸಿಕೊಳ್ಳಲು ಹಿಡಿಯುವ ಕಾಲದಲ್ಲಿ ಶೇ 0.7ರಷ್ಟು ನಕ್ಷತ್ರಗಳು ಜಾರಿಕೊಳ್ಳುತ್ತವೆ. ಅಂಥ ನೂರು ಚಿಲ್ಲರೆ ಅವಧಿಗಳಲ್ಲಿ ಗುಚ್ಛ ಬರಿದು. ಇದಕ್ಕೆ ಅವರು ಇಟ್ಟ ಹೆಸರು ಆವಿಯಾಗುವಿಕೆ. ನೆರಳಲ್ಲಿ ಹರವಿದ ಒದ್ದೆ ಬಟ್ಟೆ ಕುದಿಯದೆಯೇ ಒಣಗುವ ಹಾಗೆ, ವೇಗದ ಕಣಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹೋಲಿಕೆ ನಿಲ್ಲುವುದು ಇಲ್ಲಿಗೇ. ನೀರು ಆರಿದಂತೆ ಬಟ್ಟೆ ತಣ್ಣಗಾಗುತ್ತದೆ. ಗುಚ್ಛ ಬಿಸಿಯಾಗುತ್ತದೆ. ಶಕ್ತಿ ಕಳೆದುಕೊಂಡ ನಕ್ಷತ್ರ ನಡುವಿನತ್ತ ಜಾರಿ ಇನ್ನೂ ಜೋರಾಗಿ ಓಡತೊಡಗುತ್ತದೆ; ತಿರುಳು ಕುಗ್ಗುತ್ತದೆ, ಅಂಚು ಹಿಗ್ಗುತ್ತದೆ. ಗುರುತ್ವದ ಈ ವಿಲಕ್ಷಣ ಸ್ವಭಾವದಿಂದಾಗಿ ಯಾವ ಗುಚ್ಛವೂ ನೆಮ್ಮದಿಯ ಸಮತೋಲಕ್ಕೆ ಬಂದು ನಿಲ್ಲಲಾರದು. ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಭೌತಶಾಸ್ತ್ರ ಒಂದೇ ಇದ್ದರೆ ಇದೇ ಎನ್ನುತ್ತೇನೆ.

ಈ ಕಥೆಯಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರರ ಪಾತ್ರವನ್ನು ನಮ್ಮಲ್ಲಿ ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಶ್ವೇತಕುಬ್ಜಗಳ ತೂಕದ ಮಿತಿಗೆ ಅವರ ಹೆಸರು ಅಂಟಿಕೊಂಡಿರುವುದರಿಂದ ಉಳಿದದ್ದು ಮರೆಯಾಗಿದೆ. ನಕ್ಷತ್ರಗಳ ಅಡ್ಡಾದಿಡ್ಡಿ ತಳ್ಳಾಟವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕೃತ್ತಿಕೆಯಂಥ ಗುಚ್ಛ ತೀರಾ ಬೇಗ ಬರಿದಾಗಬೇಕಾಗುತ್ತದೆ. ಹಾಗಾಗದಿರಲು ಏನೋ ಒಂದು ತಡೆ ಇರಬೇಕು ಎಂದು 1943ರಲ್ಲಿ ಅವರು ವಾದಿಸಿದರು. ವೇಗವಾಗಿ ಸಾಗುವ ನಕ್ಷತ್ರ ತನ್ನ ಹಿಂದೆ ನೆರೆಯವನ್ನು ಸೆಳೆದು ಒತ್ತಾಗಿಸುತ್ತದೆ. ಆ ಒತ್ತಣೆಯ ಗುರುತ್ವ ಅದನ್ನೇ ಹಿಂದಕ್ಕೆ ಜಗ್ಗುತ್ತದೆ. ಗತಿಶೀಲ ಘರ್ಷಣೆ ಎಂಬ ಈ ಪರಿಕಲ್ಪನೆ ಇಂದು ಗೆಲಾಕ್ಸಿಗಳು ಒಂದನ್ನೊಂದು ನುಂಗುವುದರಿಂದ ಹಿಡಿದು ಕಪ್ಪುಕುಳಿಗಳು ಜೊತೆಗೂಡುವವರೆಗೆ ಎಲ್ಲೆಡೆ ಬಳಕೆಯಲ್ಲಿದೆ. ಆ ಸಾಲಿನ ಅವರ ಎರಡನೆಯ ಪ್ರಬಂಧದ ವಿಷಯವೇ ಗುಚ್ಛಗಳಿಂದ ನಕ್ಷತ್ರಗಳು ಪಾರಾಗುವ ವೇಗ.

ತಳ್ಳಾಟದಲ್ಲಿ ಭಾರದ ನಕ್ಷತ್ರಗಳು ನಿಧಾನವಾಗಿ ನಡುವಿಗೆ ಇಳಿಯುತ್ತವೆ, ಹಗುರದವು ಹೊರವಲಯಕ್ಕೆ ಸರಿಯುತ್ತವೆ. ಕೃತ್ತಿಕೆಯಲ್ಲಿ ಇದು ಈಗಾಗಲೇ ಕಾಣುತ್ತದೆ: ಬರಿಗಣ್ಣಿಗೆ ಬೀಳುವ ದೊಡ್ಡ ನೀಲಿ ನಕ್ಷತ್ರಗಳು ನಡುವೆ ಕೂಡಿವೆ, ಸಣ್ಣ ಕೆಂಪು ನಕ್ಷತ್ರಗಳು ದೂರದವರೆಗೆ ಹರಡಿವೆ. ಹೊರಗಿದ್ದವು ಮೊದಲು ಹೋಗುವುದರಿಂದ ಗುಚ್ಛ ಮುದಿಯಾದಂತೆ ಅದರಲ್ಲಿ ಹಗುರ ನಕ್ಷತ್ರಗಳ ಪಾಲು ಕಡಿಮೆಯಾಗುತ್ತದೆ. ಜೊತೆಗೆ ನಕ್ಷತ್ರಗಳಿಗೂ ವಯಸ್ಸಾಗುತ್ತದಲ್ಲ. ಸೂರ್ಯನ ಎಂಟು ಪಟ್ಟಿಗಿಂತ ಭಾರದವು ನಾಲ್ಕು ಕೋಟಿ ವರ್ಷದೊಳಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಮಧ್ಯಮ ತೂಕದವು ಕೆಂಪು ದೈತ್ಯಗಳಾಗಿ ಹೊರಪದರ ಉದುರಿಸಿ ಶ್ವೇತಕುಬ್ಜಗಳಾಗುತ್ತವೆ. ಹೀಗೆ ಚೆಲ್ಲಿದ ಅನಿಲ ಗುಚ್ಛದಲ್ಲಿ ನಿಲ್ಲುವುದಿಲ್ಲ. ತೂಕ ಇಳಿದಷ್ಟು ಹಿಡಿತ ಸಡಿಲ.

ಎರಡನೆಯ ಉತ್ತರ ಹೊರಗಿನದು. ಗುಚ್ಛ ಖಾಲಿ ಆಕಾಶದಲ್ಲಿ ಕೂತಿಲ್ಲ, ಆಕಾಶಗಂಗೆಯನ್ನು ಸುತ್ತುತ್ತಿದೆ. ಗೆಲಾಕ್ಸಿಯ ಕೇಂದ್ರಕ್ಕೆ ಹತ್ತಿರದ ಬದಿಗೆ ಸೆಳೆತ ತುಸು ಹೆಚ್ಚು, ದೂರದ ಬದಿಗೆ ತುಸು ಕಡಿಮೆ. ಕಡಲಲ್ಲಿ ಉಬ್ಬರ ತರುವ ಬಲವೇ ಇಲ್ಲಿ ಗುಚ್ಛವನ್ನು ಎರಡು ಕಡೆಯಿಂದ ಹಿಗ್ಗಿಸುತ್ತದೆ. ಇದರ ಪರಿಣಾಮವನ್ನು 1934ರಷ್ಟು ಹಿಂದೆಯೇ ಬಾರ್ಟ್ ಬಾಕ್ ಲೆಕ್ಕಕ್ಕೆ ತಂದಿದ್ದರು. ಇದರಿಂದ ಪ್ರತಿ ಗುಚ್ಛಕ್ಕೂ ಒಂದು ಎಲ್ಲೆ ಏರ್ಪಡುತ್ತದೆ. ಅದರಾಚೆ ಹೋದ ನಕ್ಷತ್ರ ಗುಚ್ಛದ್ದಲ್ಲ, ಗೆಲಾಕ್ಸಿಯದು. ಕೇಂದ್ರದತ್ತ ಜಾರಿದ್ದು ಒಳಗಿನ ಕಕ್ಷೆ ಹಿಡಿದು ಮುಂದೆ ಓಡುತ್ತದೆ, ಹೊರಕ್ಕೆ ಜಾರಿದ್ದು ಹಿಂದೆ ಬೀಳುತ್ತದೆ. ಹೀಗೆ ಗುಚ್ಛದ ಮುಂದೊಂದು ಹಿಂದೊಂದು ಉದ್ದನೆಯ ಬಾಲ ಬೆಳೆಯಬೇಕು. ಗಣಕಯಂತ್ರದ ಮಾದರಿಗಳಲ್ಲಿ ಈ ಬಾಲಗಳು ದಶಕಗಳ ಹಿಂದೆಯೇ ಮೂಡಿದ್ದವು. ಆಕಾಶದಲ್ಲಿ ಮಾತ್ರ ಸಿಕ್ಕಿರಲಿಲ್ಲ.

ಸಿಗದಿರಲು ಕಾರಣವಿತ್ತು. ನೂರಾರು ಜ್ಯೋತಿರ್ವರ್ಷ ಉದ್ದಕ್ಕೆ ಚೆಲ್ಲಿಕೊಂಡ ಕೆಲವು ನೂರು ಸಾಧಾರಣ ನಕ್ಷತ್ರಗಳನ್ನು ಲಕ್ಷಾಂತರ ದಾರಿಹೋಕ ನಕ್ಷತ್ರಗಳ ನಡುವಿನಿಂದ ಹೆಕ್ಕಬೇಕು. ಅದಕ್ಕೆ ಪ್ರತಿಯೊಂದರ ದೂರ, ಚಲನೆ ಎರಡೂ ನಿಖರವಾಗಿ ತಿಳಿಯಬೇಕು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರಿನಲ್ಲಿ ಹಾರಿಸಿದ ಗೈಯಾ ಉಪಗ್ರಹ ಆ ಕೆಲಸ ಮಾಡಿತು. ಅದರ ಎರಡನೆಯ ದತ್ತಾಂಶ 2018ರ ಏಪ್ರಿಲ್‌ನಲ್ಲಿ ಹೊರಬಂತು. ವರ್ಷ ತುಂಬುವುದರೊಳಗೆ ಎರಡು ತಂಡಗಳು ಬೇರೆ ಬೇರೆಯಾಗಿ ಹಯಾಡೀಸ್ ಗುಚ್ಛದ ಬಾಲಗಳನ್ನು ಪ್ರಕಟಿಸಿದವು. ಹಯಾಡೀಸ್ ಅಂದರೆ ವೃಷಭ ರಾಶಿಯಲ್ಲಿ ರೋಹಿಣಿಯ ಸುತ್ತ ಇಂಗ್ಲಿಷಿನ 'ವಿ' ಅಕ್ಷರದಂತೆ ಕಾಣುವ ಗುಂಪು. ರೋಹಿಣಿ ಅದಕ್ಕೆ ಸೇರಿದ್ದಲ್ಲ. ಗುಂಪು ಇರುವುದು ಸುಮಾರು 153 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ಅದರ ಅರ್ಧಕ್ಕಿಂತ ಕಡಿಮೆ ದೂರದಲ್ಲಿ. ನಮಗೆ ಅತಿ ಸಮೀಪದ ಈ ಗುಚ್ಛವೇ ಒಡೆಯುವಿಕೆಯ ಪಾಠಪುಸ್ತಕ. ವಯಸ್ಸು 65 ಕೋಟಿಯ ಆಸುಪಾಸು. ಅದರ ಎಲ್ಲೆಯೊಳಗೆ, ಅಂದರೆ ನಡುವಿನಿಂದ ಸುಮಾರು 30 ಜ್ಯೋತಿರ್ವರ್ಷದೊಳಗೆ, 2011ರ ಎಣಿಕೆಯಂತೆ ಉಳಿದಿರುವುದು ಸೂರ್ಯನ 275 ಪಟ್ಟು ತೂಕದಷ್ಟು ಮಾತ್ರ. ಹುಟ್ಟಿದಾಗ ಸಾವಿರಕ್ಕೂ ಮೇಲಿತ್ತೆಂದು ಮಾದರಿಗಳು ಹೇಳುತ್ತವೆ. ಇನ್ನು ಮೂರು ಕೋಟಿ ವರ್ಷದಲ್ಲಿ ಅದು ಗುಚ್ಛವಾಗಿ ಉಳಿಯಲಾರದೆಂದು 2020ರ ಒಂದು ಅಧ್ಯಯನ ಅಂದಾಜಿಸಿತು. ಅಷ್ಟು ವರ್ಷ ಬಾಳಿದ ಗುಂಪಿಗೆ ಇದು ಕೊನೆಯ ಗಳಿಗೆಯೇ ಸರಿ.

2021ರಲ್ಲಿ ತೆರೆಜಾ ಯೆರಾಬ್ಕೊವಾ ಮತ್ತು ಸಂಗಡಿಗರು ಮಾದರಿಯ ಸಹಾಯದಿಂದ ಹಯಾಡೀಸ್‌ನ ಬಾಲಗಳನ್ನು ಇನ್ನೂ ದೂರ ಹಿಂಬಾಲಿಸಿದರು. ತುದಿಯಿಂದ ತುದಿಗೆ 2,600 ಜ್ಯೋತಿರ್ವರ್ಷ ಬಂತು. ಹಿಂದಿನ ಬಾಲದಲ್ಲಿ ಮುಂದಿನದಕ್ಕಿಂತ ನಕ್ಷತ್ರಗಳು ಕಡಿಮೆ. ಈ ಅಸಮತೆಗೆ ಅವರು ಕೊಟ್ಟ ಒಂದು ವಿವರಣೆ: ಒಂದು ಕೋಟಿ ಸೂರ್ಯರಷ್ಟು ತೂಕದ, ಕಣ್ಣಿಗೆ ಕಾಣದ ಮುದ್ದೆಯೊಂದು ಹಾದುಹೋಗಿ ಬಾಲವನ್ನು ಕೆಡಿಸಿರಬಹುದು, ಅದು ಕಪ್ಪುದ್ರವ್ಯದ ಗಂಟಾಗಿರಬಹುದು. ಪತ್ರಿಕೆಗಳು ಇದನ್ನೇ ತಲೆಬರಹ ಮಾಡಿದವು. ನನಗೆ ಇದು ಅವಸರದ ಮಾತು ಅನ್ನಿಸುತ್ತದೆ. ಬಾಲದ ನಕ್ಷತ್ರಗಳನ್ನು ಎಣಿಸುವಾಗ ನುಸುಳುವ ದಾರಿಹೋಕರು ಎಷ್ಟು, ಬಿಟ್ಟುಹೋದವು ಎಷ್ಟು ಎಂಬುದರ ಮೇಲೆಯೇ ಅಸಮತೆಯ ಪ್ರಮಾಣ ನಿಂತಿದೆ. ಎಣಿಕೆ ಗಟ್ಟಿಯಾಗುವ ಮುನ್ನ ಕಾಣದ ಮುದ್ದೆಗೆ ಹೋಗಬೇಕಿಲ್ಲ. ಹಯಾಡೀಸ್‌ನ ನಡುವೆ ಎರಡು ಮೂರು ಕಪ್ಪುಕುಳಿಗಳು ಇರಬಹುದು, ಇಲ್ಲವೇ ಇತ್ತೀಚೆಗಷ್ಟೇ ಹೊರದೂಡಲ್ಪಟ್ಟಿರಬಹುದು ಎಂಬ 2023ರ ವಾದಕ್ಕೆ ಇದಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅದು ಗುಚ್ಛದೊಳಗಿನ ನಕ್ಷತ್ರಗಳ ಹಂಚಿಕೆಯಿಂದ ಹೊರಟ ವಾದ, ಮತ್ತು ಭಾರದವು ನಡುವಿಗೆ ಇಳಿಯುವ ಹಳೆಯ ನಿಯಮಕ್ಕೆ ಹೊಂದುತ್ತದೆ.

ಹಯಾಡೀಸ್ ಒಂದಕ್ಕೇ ಬಾಲವಲ್ಲ. ಪುಷ್ಯ ನಕ್ಷತ್ರದ ಬಳಿ ಮಂಜಿನಂತೆ ಕಾಣುವ ಪ್ರಿಸೆಪೆ ಗುಚ್ಛ, ಕೋಮಾ ಬೆರೆನೈಸಿಸ್ ಗುಚ್ಛ, ಮುದಿಯಾದ ರುಪ್ರೆಕ್ಟ್ 147, ಹೀಗೆ ಒಂದಾದ ಮೇಲೊಂದರ ಬಾಲಗಳು 2019ರಲ್ಲಿ ಬಯಲಾದವು. ಎಂಟು ದಶಕದ ಗಣಿತಕ್ಕೆ ಒಂದೇ ವರ್ಷದಲ್ಲಿ ಇಷ್ಟು ಸಾಕ್ಷ್ಯ ಸಿಕ್ಕಿದ್ದು ಈ ಕ್ಷೇತ್ರದ ಭಾಗ್ಯ.

ಮೂರನೆಯ ಶತ್ರು ಅಣುಮೋಡ. ಲಕ್ಷಾಂತರ ಸೂರ್ಯರಷ್ಟು ತೂಕದ ತಣ್ಣನೆಯ ಅನಿಲದ ಮೋಡಗಳು ಆಕಾಶಗಂಗೆಯ ತಟ್ಟೆಯ ತುಂಬ ಅಲೆಯುತ್ತಿವೆ. ಗುಚ್ಛವೊಂದು ಇಂಥ ಮೋಡದ ಸಮೀಪ ಹಾಯ್ದರೆ ಹಠಾತ್ ಎಳೆತಕ್ಕೆ ಸಿಕ್ಕಿ ಊದಿಕೊಳ್ಳುತ್ತದೆ. ಸ್ಪಿಟ್ಜರ್ 1958ರಲ್ಲಿ ತೋರಿಸಿದ ಈ ಕಾರಣ ಬಹುಕಾಲ ಹಿನ್ನೆಲೆಯಲ್ಲಿತ್ತು. 2006ರಲ್ಲಿ ಹೆನ್ನಿ ಲಾಮರ್ಸ್ ಮತ್ತು ಮಾರ್ಕ್ ಗೀಲ್ಸ್ ಎಲ್ಲ ಕಾರಣಗಳನ್ನೂ ಒಟ್ಟಿಗೆ ತೂಗಿದಾಗ ಸೂರ್ಯನ ನೆರೆಯಲ್ಲಿ ಮೋಡಗಳ ಹೊಡೆತವೇ ದೊಡ್ಡದೆಂದು ಬಂತು. ಅವರ ಲೆಕ್ಕದಲ್ಲಿ 10,000 ಸೂರ್ಯರ ತೂಕದ ಗುಚ್ಛಕ್ಕೆ ಸುಮಾರು 170 ಕೋಟಿ ವರ್ಷ ಆಯುಷ್ಯ. ತೂಕ ಇಮ್ಮಡಿಯಾದರೆ ಆಯುಷ್ಯ ಇಮ್ಮಡಿಯಾಗದು, ಒಂದೂವರೆ ಪಟ್ಟಿನಷ್ಟು ಮಾತ್ರ. ಹುಟ್ಟುವಾಗಲೇ ದೊಡ್ಡದಾಗಿ ಹುಟ್ಟಿದವಕ್ಕೂ, ಮೋಡಗಳಿರುವ ತಟ್ಟೆಯಿಂದ ದೂರ ಉಳಿದವಕ್ಕೂ ಮಾತ್ರ ದೀರ್ಘಾಯುಷ್ಯ.

ಇಲ್ಲಿಯವರೆಗಿನ ಮಾತೆಲ್ಲ ಬದುಕಿ ಬೆಳೆದ ಗುಚ್ಛಗಳದು. ನಿಜವಾದ ಜಗಳ ಇರುವುದು ಹುಟ್ಟಿನ ಹಂತದಲ್ಲಿ.

ಮಹಾವ್ಯಾಧನ ಖಡ್ಗದ ನಡುವಿನ ಮಸುಕು ಚುಕ್ಕೆಯನ್ನು ನೋಡಿ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯೊಳಗೆ ಹತ್ತಿಪ್ಪತ್ತು ಲಕ್ಷ ವರ್ಷ ವಯಸ್ಸಿನ ಸಾವಿರಾರು ನಕ್ಷತ್ರಗಳಿವೆ. ಅವು ಹುಟ್ಟಿದ ಅನಿಲ ಇನ್ನೂ ಸುತ್ತ ಇದೆ, ನಡುವಿನ ನಾಲ್ಕಾರು ದೈತ್ಯ ನಕ್ಷತ್ರಗಳು ಅದನ್ನು ಕಾಯಿಸಿ ಓಡಿಸುತ್ತಿವೆ. ಮೋಡದ ಅನಿಲದಲ್ಲಿ ನಕ್ಷತ್ರವಾಗಿ ಮಾರ್ಪಡುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಮಿಕ್ಕ ಅನಿಲದ ಗುರುತ್ವವೇ ಎಳೆಯ ನಕ್ಷತ್ರಗಳನ್ನು ಹಿಡಿದಿಟ್ಟಿರುತ್ತದೆ. ಅದು ಥಟ್ಟನೆ ಹೋಗಿಬಿಟ್ಟರೆ, ಅರ್ಧಕ್ಕಿಂತ ಹೆಚ್ಚು ತೂಕ ಒಮ್ಮೆಗೇ ಕಳೆದರೆ, ನಕ್ಷತ್ರಗಳ ಓಟವನ್ನು ತಡೆಯುವವರು ಯಾರೂ ಇಲ್ಲ, ಗುಂಪು ಬಿಚ್ಚಿಕೊಳ್ಳುತ್ತದೆ. ನಿಧಾನವಾಗಿ ಹೋದರೆ ಹೊಂದಿಕೊಳ್ಳಲು ವ್ಯವಧಾನ ಸಿಗುತ್ತದೆ, ಒಂದಷ್ಟು ಉಳಿಯುತ್ತದೆ. 2003ರಲ್ಲಿ ಚಾರ್ಲ್ಸ್ ಲಾಡಾ ಮತ್ತು ಎಲಿಜಬೆತ್ ಲಾಡಾ ಮೋಡದೊಳಗೆ ಹುದುಗಿದ ಎಳೆಯ ಗುಂಪುಗಳನ್ನೆಲ್ಲ ಎಣಿಸಿ ಒಂದು ದಿಗಿಲಿನ ಅಂಕಿ ಕೊಟ್ಟರು: ಕೃತ್ತಿಕೆಯ ವಯಸ್ಸು ಮುಟ್ಟುವವರೆಗೆ ಗುಚ್ಛವಾಗಿ ಬಾಳುವುದು ನೂರಕ್ಕೆ ನಾಲ್ಕರಿಂದ ಏಳು ಮಾತ್ರ. ಇದಕ್ಕೆ ಅವರು ಬಳಸಿದ ಮಾತು ಶಿಶುಮರಣ.

ಮಾತು ಕಿವಿಗೆ ಅಂಟಿಕೊಳ್ಳುವಂಥದ್ದು. ಅದಕ್ಕೇ ಹದಿನೈದು ವರ್ಷ ಎಲ್ಲರ ಬಾಯಲ್ಲೂ ಓಡಾಡಿತು. ಆದರೆ ಸತ್ತದ್ದನ್ನು ಎಣಿಸುವ ಮುನ್ನ ಅದು ಬದುಕಿತ್ತೇ ಎಂದು ಕೇಳಬೇಕು. ಮೋಡದೊಳಗೆ ನಕ್ಷತ್ರಗಳು ಹುಟ್ಟುವುದು ಒಂದೇ ಗುಡ್ಡೆಯಾಗಿ ಅಲ್ಲ. ಎಳೆಗಳುದ್ದಕ್ಕೂ ಅಲ್ಲಿ ಒತ್ತಾಗಿ ಇಲ್ಲಿ ವಿರಳವಾಗಿ ಹುಟ್ಟುತ್ತವೆ. ಒತ್ತಾದ ತಾಣಗಳು ಮಾತ್ರ ತಮ್ಮನ್ನು ತಾವು ಹಿಡಿದುಕೊಳ್ಳುತ್ತವೆ. ಉಳಿದವು ಮೊದಲಿನಿಂದಲೂ ಬಿಡಿ ಬಿಡಿ. ಅವನ್ನು ಗುಚ್ಛವೆಂದು ಪಟ್ಟಿಗೆ ಸೇರಿಸಿ, ಆಮೇಲೆ ಕಾಣುತ್ತಿಲ್ಲ ಎಂದರೆ ಮರಣದ ಅಂಕಿ ಉಬ್ಬದೆ ಏನಾಗುತ್ತದೆ? ಹಾಗೆಂದು ಅನಿಲ ಹೊರಹೋಗುವುದರ ಪರಿಣಾಮ ಸುಳ್ಳಲ್ಲ. 2019ರಲ್ಲಿ ಮೈಕೆಲ್ ಕೂನ್ ತಂಡ ಗೈಯಾದ ಅಳತೆಗಳಿಂದ 28 ಎಳೆಯ ಗುಂಪುಗಳನ್ನು ಪರೀಕ್ಷಿಸಿದಾಗ ಕನಿಷ್ಠ ಮುಕ್ಕಾಲು ಪಾಲು ಹಿಗ್ಗುತ್ತಿದ್ದವು, ಸರಾಸರಿ ಸೆಕೆಂಡಿಗೆ ಅರ್ಧ ಕಿಲೋಮೀಟರ್ ವೇಗದಲ್ಲಿ. ಅಷ್ಟು ವೇಗದಲ್ಲಿ ನಕ್ಷತ್ರವೊಂದು ಹತ್ತು ಲಕ್ಷ ವರ್ಷಕ್ಕೆ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ದೂರ ಸರಿಯುತ್ತದೆ. ಆದರೆ ಹಿಗ್ಗುವುದೆಲ್ಲ ಒಡೆಯುವುದಲ್ಲ. ಅನಿಲ ಕಳೆದುಕೊಂಡು ಹಿಗ್ಗಿ, ಸಡಿಲಾಗಿ, ಮತ್ತೆ ನೆಲೆಗೊಳ್ಳುವ ಗುಚ್ಛಗಳೂ ಇವೆ. ಪಾವೆಲ್ ಕ್ರೂಪಾ, ಸ್ವೆರೆ ಆರ್ಸೆತ್, ಜರಾಡ್ ಹರ್ಲಿ 2001ರಲ್ಲೇ ಮಾಡಿದ ಗಣನೆಯಲ್ಲಿ ಮಹಾವ್ಯಾಧನ ಗುಂಪಿನಂಥದ್ದು ಬಹುಪಾಲು ನಕ್ಷತ್ರಗಳನ್ನು ಕಳೆದುಕೊಂಡ ಮೇಲೂ ಕೃತ್ತಿಕೆಯಂಥ ತಿರುಳನ್ನು ಉಳಿಸಿಕೊಳ್ಳಬಲ್ಲದೆಂದು ಬಂದಿತ್ತು. ಕೃತ್ತಿಕೆಯೇ ಒಡೆದ ಒಂದು ದೊಡ್ಡ ಗುಂಪಿನಲ್ಲಿ ಮಿಕ್ಕ ತುಣುಕು ಎಂಬ ಊಹೆ ಅಲ್ಲಿಂದ ಬಂದದ್ದು.

ಆರ್ಸೆತ್ ಹೆಸರು ಬಂದಿದ್ದರಿಂದ ಒಂದು ಮಾತು. ಗುಚ್ಛದ ಪ್ರತಿ ನಕ್ಷತ್ರವನ್ನೂ ಉಳಿದೆಲ್ಲ ನಕ್ಷತ್ರಗಳೂ ಎಳೆಯುತ್ತವೆ, ಹೀಗಾಗಿ ಕಾಗದದ ಮೇಲೆ ಲೆಕ್ಕ ಮುಗಿಯದು. 1960ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಫಾನ್ ಹರ್ನರ್ ಗಣಕದಲ್ಲಿ ಮೊದಲ ಬಾರಿ ಓಡಿಸಿದ ಗುಚ್ಛದಲ್ಲಿದ್ದದ್ದು ಹೆಚ್ಚೆಂದರೆ 16 ನಕ್ಷತ್ರ. ಆರ್ಸೆತ್ ಜೀವಮಾನವಿಡೀ ತಿದ್ದಿ ಬೆಳೆಸಿದ ಗಣಕ ಕ್ರಮವಿಧಿಗಳಿಂದ 2005ರ ಹೊತ್ತಿಗೆ ಹರ್ಲಿ ತಂಡ 36,000 ನಕ್ಷತ್ರಗಳ ಗುಚ್ಛವೊಂದನ್ನು 400 ಕೋಟಿ ವರ್ಷ ಓಡಿಸಲು ಸಾಧ್ಯವಾಯಿತು. ಅವರ ಗುರಿ ಕರ್ಕಾಟಕ ರಾಶಿಯ ಎಂ67 ಗುಚ್ಛ. ಕೊನೆಯಲ್ಲಿ ಉಳಿದ ತೂಕ ಮೊದಲಿನ ಹತ್ತನೇ ಒಂದು ಭಾಗ, ಸುಮಾರು 2,000 ಸೂರ್ಯರಷ್ಟು. ಆಕಾಶದ ಎಂ67ಕ್ಕೆ ಅದು ಚೆನ್ನಾಗಿ ಹೊಂದಿತು. ಇಷ್ಟು ಕಾಲ ಅದು ಬದುಕಿದ್ದಾದರೂ ಹೇಗೆ? ದೊಡ್ಡದಾಗಿ ಹುಟ್ಟಿತ್ತು ಎಂಬುದು ಒಂದು ಕಾರಣ. ಈಗ ಅದು ತಟ್ಟೆಯ ನಡುಪಾತಳಿಯಿಂದ 1,300 ಜ್ಯೋತಿರ್ವರ್ಷಕ್ಕೂ ಎತ್ತರದಲ್ಲಿದೆ, ಮೋಡಗಳ ಕಾಟ ಅಲ್ಲಿ ಕಡಿಮೆ. 600 ಕೋಟಿ ದಾಟಿದ ಎನ್‌ಜಿಸಿ 188, 800 ಕೋಟಿಯ ಸಮೀಪದ ಎನ್‌ಜಿಸಿ 6791 ಇವೂ ಹೀಗೆ ಎತ್ತರದಲ್ಲಿ ಇರುವಂಥವೇ.

ಮುದಿ ಗುಚ್ಛಗಳಲ್ಲಿ ಇನ್ನೊಂದು ವಿಶೇಷ ಜೋಡಿ ನಕ್ಷತ್ರಗಳದು. ಎರಡು ಸೇರಿ ಭಾರವಾದ್ದರಿಂದ ಜೋಡಿಗಳು ನಡುವಿಗೆ ಇಳಿದು ಕಾಪಾಡಿಕೊಳ್ಳುತ್ತವೆ, ಒಂಟಿಗಳು ಹೊರಟುಹೋಗುತ್ತವೆ. ಹೀಗಾಗಿ ಗುಚ್ಛ ಕರಗಿದಷ್ಟೂ ಅದರಲ್ಲಿ ಜೋಡಿಗಳ ಪ್ರಮಾಣ ಏರುತ್ತದೆ. ಜೋಡಿಯಲ್ಲಿ ಒಂದು ಇನ್ನೊಂದರ ಅನಿಲ ಕುಡಿದು, ಇಲ್ಲವೇ ಎರಡೂ ಬೆರೆತು, ವಯಸ್ಸಿಗೆ ಮೀರಿದ ಹೊಳಪು ಪಡೆಯುವುದುಂಟು. ಎಂದೋ ಆರಿಹೋಗಬೇಕಿದ್ದ ಈ ನೀಲಿ ನಕ್ಷತ್ರಗಳನ್ನು ಓದುವುದರಲ್ಲಿ ಬೆಂಗಳೂರಿನ ಪಾಲಿದೆ. ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ನೇರಳಾತೀತ ದೂರದರ್ಶಕ 2015ರ ಸೆಪ್ಟೆಂಬರಿನಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೇರಿತು. ಮರುವರ್ಷವೇ ಅನ್ನಪೂರ್ಣಿ ಸುಬ್ರಮಣ್ಯಂ ತಂಡ ಎನ್‌ಜಿಸಿ 188ರ ಅಂಥ ಒಂದು ನೀಲಿ ನಕ್ಷತ್ರದ ಪಕ್ಕದಲ್ಲಿ ಬಿಸಿಯಾದ ಸಂಗಾತಿಯನ್ನು ಪತ್ತೆಹಚ್ಚಿತು. ಅನಿಲ ಕೊಟ್ಟು ಬಡವಾದ ಸಂಗಾತಿ ಅದೇ. ಮುಂದೆ ಎಂ67ರಲ್ಲೂ ಇಂಥವು ಸಿಕ್ಕವು. ಬೆಳಕಿನ ದೂರದರ್ಶಕಗಳಿಗೆ ನೀಲಿ ನಕ್ಷತ್ರದ ಪ್ರಭೆಯಲ್ಲಿ ಮುಚ್ಚಿಹೋಗುವ ಶ್ವೇತಕುಬ್ಜ ನೇರಳಾತೀತದಲ್ಲಿ ಎದ್ದು ಕಾಣುತ್ತದೆ.

ಹಾಗಾದರೆ ಈಗ ಆಕಾಶಗಂಗೆಯಲ್ಲಿ ಗುಚ್ಛಗಳು ಎಷ್ಟು? ಗೈಯಾ ದತ್ತಾಂಶದಿಂದ ಎಮಿಲಿ ಹಂಟ್ ಮತ್ತು ಸಬೀನ್ ರೆಫರ್ಟ್ 2023ರಲ್ಲಿ 7,167ರ ಪಟ್ಟಿ ಮಾಡಿದರು. ಮರುವರ್ಷ ಅವರೇ ತೂಕ ಹಾಕಿ ನೋಡಿದಾಗ ಗುರುತ್ವದ ಹಿಡಿತದಲ್ಲಿರುವ ಗುಚ್ಛ ಎನ್ನಲು ಅರ್ಹವಾದವು 5,647. ಸೂರ್ಯನಿಂದ ಸುಮಾರು 800 ಜ್ಯೋತಿರ್ವರ್ಷದೊಳಗಂತೂ ಪಟ್ಟಿಯಲ್ಲಿ ನೂರಕ್ಕೆ ಹನ್ನೊಂದು ಮಾತ್ರ ನಿಜವಾದ ಗುಚ್ಛ. ಉಳಿದವು ಸಪ್ತರ್ಷಿಗಳಂತೆ ಜೊತೆಯಲ್ಲಿ ಸಾಗುವ ಸಡಿಲ ಗುಂಪುಗಳು. ಹತ್ತಿರ ನೋಡಿದಷ್ಟೂ ಗುಚ್ಛಕ್ಕಿಂತ ಗುಚ್ಛದ ಚೂರುಗಳೇ ಹೆಚ್ಚು ಎಂದಾಯಿತು. ಕೆಲವು ಹಳೆಯ ಹೆಸರುಗಳು ಪೂರ್ತಿ ಮರೀಚಿಕೆಗಳೂ ಹೌದು. ಹದಿನೆಂಟನೆಯ ಶತಮಾನದಲ್ಲಿ ಶಾರ್ಲ್ ಮೆಸಿಯೆ ಪಟ್ಟಿಗೆ ಹಾಕಿದ ಎಂ73, ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ನಕ್ಷತ್ರಗಳೆಂದು 2002ರಲ್ಲಿ ತೀರ್ಮಾನವಾಯಿತು.

ಚೂರುಗಳನ್ನು ಹುಡುಕಲು ಚಲನೆಯೊಂದೇ ಸಾಲದು, ವಯಸ್ಸೂ ಬೇಕು. ಅದಕ್ಕೆ ಒದಗಿದ್ದು ನಕ್ಷತ್ರದ ಗಿರಕಿ. ಸೂರ್ಯನಂಥ ನಕ್ಷತ್ರ ಎಳೆಯದಿದ್ದಾಗ ಬೇಗ ತಿರುಗುತ್ತದೆ, ವಯಸ್ಸಾದಂತೆ ನಿಧಾನವಾಗುತ್ತದೆ. ಕೃತ್ತಿಕೆ, ಹಯಾಡೀಸ್, ಸೂರ್ಯ ಈ ಮೂರನ್ನು ಇಟ್ಟುಕೊಂಡು ಆಂಡ್ರ್ಯೂ ಸ್ಕುಮಾನಿಚ್ 1972ರಲ್ಲಿ ಇದರ ನಿಯಮ ಹೇಳಿದ್ದರು. ಮೀನ ಮತ್ತು ವೈತರಣಿ ದಿಕ್ಕಿನಲ್ಲಿ 2019ರಲ್ಲಿ ಸಿಕ್ಕ ನಕ್ಷತ್ರಗಳ ಒಂದು ಉದ್ದನೆಯ ಹೊನಲಿಗೆ ಮೊದಲು ನೂರು ಕೋಟಿ ವರ್ಷ ಎಂದರು. ನಾಸಾದ ಟೆಸ್ ಉಪಗ್ರಹದಿಂದ ಗಿರಕಿ ಅಳೆದಾಗ ಅದು ಕೃತ್ತಿಕೆಯ ಓರಗೆಯದು, 12 ಕೋಟಿ ವರ್ಷ ಎಂದು ತಿಳಿಯಿತು. ಹೊನಲು ಮುದಿ ಗುಚ್ಛದ ಅವಶೇಷವೇ ಆಗಿರಬೇಕಿಲ್ಲ, ಹುಟ್ಟಿನಿಂದಲೇ ಹರಡಿಕೊಂಡದ್ದೂ ಇರಬಹುದು ಎಂಬ ಪಾಠ ಇದರಿಂದ ಸಿಕ್ಕಿತು. ಇದೇ ವಿಧಾನದಿಂದ 2025ರಲ್ಲಿ ಕೃತ್ತಿಕೆಯ ಬಂಧುಗಳನ್ನು ಹುಡುಕಿದ ತಂಡವೊಂದು ಸುಮಾರು 2,000 ಜ್ಯೋತಿರ್ವರ್ಷ ಅಗಲಕ್ಕೆ ಹರಡಿದ 3,000ಕ್ಕೂ ಹೆಚ್ಚು ನಕ್ಷತ್ರಗಳನ್ನು ಒಂದೇ ಸಂತತಿಗೆ ಸೇರಿಸಿತು. ನಾವು ನೋಡುವ ಕೃತ್ತಿಕೆ ಆ ದೊಡ್ಡ ಬಳಗದ ನಡುಮನೆ ಮಾತ್ರ.

ಸೂರ್ಯನೂ ಯಾವುದೋ ಬಳಗದಲ್ಲಿ ಹುಟ್ಟಿರಬೇಕು. ಉಲ್ಕಾಶಿಲೆಗಳಲ್ಲಿ ಅಲ್ಪಾಯುಷಿ ವಿಕಿರಣಶೀಲ ಅಲ್ಯೂಮಿನಿಯಮ್ ಇದ್ದ ಗುರುತು ಸಿಗುತ್ತದೆ. ಸುಮಾರು ಏಳು ಲಕ್ಷ ವರ್ಷಕ್ಕೆ ಅರ್ಧವಾಗುವ ಆ ಧಾತು ಹತ್ತಿರದ ದೈತ್ಯ ನಕ್ಷತ್ರಗಳಿಂದ ಬಂದಿರಬೇಕೆಂಬುದು ಪ್ರಬಲ ಅಭಿಪ್ರಾಯ. ವಯಸ್ಸಿನಲ್ಲೂ ಧಾತುಗಳ ಪ್ರಮಾಣದಲ್ಲೂ ಎಂ67 ಸೂರ್ಯನಿಗೆ ತುಂಬ ಹತ್ತಿರ. ಹಾಗಾಗಿ ಅದೇ ತವರು ಎಂಬ ಆಸೆ ಆಗಾಗ ಚಿಗುರುತ್ತದೆ. ಆದರೆ ಅಷ್ಟು ಎತ್ತರದ ಕಕ್ಷೆಯಿಂದ ಸೂರ್ಯ ಕೆಳಗಿಳಿಯಲು ಬೇಕಾದ ಧಕ್ಕೆಗೆ ಗ್ರಹಗಳೇ ಚೆದುರಿಹೋಗುತ್ತಿದ್ದವು ಎಂದು 2012ರ ಗಣನೆಯೊಂದು ತೋರಿಸಿತು. ಆ ಆಸೆ ಬಿಡುವುದೇ ಲೇಸು. ಇಪ್ಪತ್ತು ಪ್ರದಕ್ಷಿಣೆ ಮುಗಿಸಿದ ಸೂರ್ಯನ ಒಡಹುಟ್ಟಿದವು ಈಗ ಇಡೀ ತಟ್ಟೆಯ ತುಂಬ ಹರಡಿರಬೇಕು. 2014ರಲ್ಲಿ ಇವಾನ್ ರಮಿರೆಜ್ ತಂಡ ಸುಮಾರು 110 ಜ್ಯೋತಿರ್ವರ್ಷ ದೂರದ ಎಚ್‌ಡಿ 162826 ನಕ್ಷತ್ರವನ್ನು ಅಂಥ ಒಂದು ಸಹೋದರ ಎಂದು ಮುಂದಿಟ್ಟಿತು; ಧಾತುಗಳು ಹೊಂದಿದ ಮಾತ್ರಕ್ಕೆ ಬಸಿರು ಒಂದೇ ಎನ್ನಲು ಬಾರದು.

ಮಧ್ಯವಯಸ್ಸು ದಾಟಿದ ಗುಚ್ಛ ಹೇಗೆ ಕರಗುತ್ತದೆ ಎಂಬುದರಲ್ಲಿ ಇನ್ನು ದೊಡ್ಡ ವಿವಾದ ಉಳಿದಿಲ್ಲ. ಉಳಿದಿರುವುದು ಮೊದಲ ಒಂದೆರಡು ಕೋಟಿ ವರ್ಷದ ಲೆಕ್ಕ, ಮತ್ತು ಬಾಲದ ಪ್ರತಿ ನಕ್ಷತ್ರ ಯಾವಾಗ ಮನೆಬಿಟ್ಟಿತು ಎಂದು ಹಿಂದಕ್ಕೆ ಓಡಿಸಿ ನೋಡುವ ಕೆಲಸ. ಎರಡಕ್ಕೂ ಇನ್ನಷ್ಟು ನಿಖರವಾದ ವೇಗಗಳು ಬೇಕು. ಇಂಧನ ತೀರುತ್ತ ಬಂದು 2025ರ ಜನವರಿಯಲ್ಲಿ ಗೈಯಾ ಅಳತೆ ನಿಲ್ಲಿಸಿತು, ಮಾರ್ಚ್ 27ರಂದು ಅದನ್ನು ಆರಿಸಲಾಯಿತು. ಅದರ ಐದೂವರೆ ವರ್ಷದ ಅಳತೆಗಳನ್ನೊಳಗೊಂಡ ನಾಲ್ಕನೆಯ ದತ್ತಾಂಶವನ್ನು 2026ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡುವುದಾಗಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹೇಳಿದೆ.